ಹುಡುಗಿ ನಕ್ಕಿದ್ದು ಯಾರನ್ನು ನೋಡಿ?

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕ್ಷಮಿಸಿ. ಶಾಲೆ ಅರ್ಧಕ್ಕೇ ಬಿಟ್ಟವಳು, ಪದಗಳೂ ಅಷ್ಟಕ್ಕಷ್ಟೇ. ದೊಡ್ಡಮ್ಮನ ಬಾಯಿಂದ ಎರಡೆರಡು ಸಲ ಹೇಳಿಸಿಕೊಂಡು, ತಪ್ಪಾಗದಂತೆ ಬರೆದಿದ್ದೇನೆ.

ದೊಡ್ಡಮ್ಮ ಮತ್ತು ದೊಡ್ಡಪ್ಪ ಚಿತ್ರಗಳಿಗೆ ಫ್ರೇಮ್ ಹಾಕುವ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಫ್ರೇಮಿನ ಮುಖದ ಕೆಲಸ ದೊಡ್ಡಮ್ಮನದು: ಗಾಜು ಒರೆಸುವುದು, ಮರದ ಪಟ್ಟಿಗೆ ಪಾಲಿಶ್ ಹಚ್ಚುವುದು, ಗಿರಾಕಿಗಳ ತಲೆ ತಿನ್ನುವುದು. ಬೆನ್ನಿನ ಕೆಲಸ ದೊಡ್ಡಪ್ಪನದು. ಚಿತ್ರದ ಮೇಲೆ ಬೆರಳಿನ ಗುರುತು ಬೀಳಬಾರದೆಂದು ಹಾಳೆಯನ್ನು ಬೋರಲು ಹಾಕಿಯೇ ಅಳತೆಗೆ ಕತ್ತರಿಸುತ್ತಾರೆ. ಮಿಕ್ಕ ತುಂಡನ್ನು ಮಡಚಿ, ಗಾಜು ಅಲುಗಾಡದಂತೆ ಹಿಂದೆ ತುರುಕಿ, ರಟ್ಟು ಮುಚ್ಚಿ ಮೊಳೆ ಹೊಡೆಯುತ್ತಾರೆ.

ಅವರಲ್ಲಿ ಹೆಚ್ಚು ಖರ್ಚಾಗುವುದು ಒಂದೇ ಚಿತ್ರ. ಕಿಟಕಿಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತ ಹುಡುಗಿ ಕೆಳಗೆ ನೋಡಿ ಮುಸಿಮುಸಿ ನಗುತ್ತಿದ್ದಾಳೆ. ಒಂದು ಕಾಲಿನಲ್ಲಿ ಚಪ್ಪಲಿ ಇಲ್ಲ. ನಮ್ಮ ಬೀದಿಯ ಮನೆಮನೆಯಲ್ಲೂ ಅವಳಿದ್ದಾಳೆ.

"ಚಪ್ಪಲಿ ಬಿದ್ದಿದೆ, ಅದನ್ನೇ ನೋಡ್ತಿದ್ದಾಳೆ," ಎಂದು ದೊಡ್ಡಪ್ಪನ ವಾದ.

"ಚಪ್ಪಲಿ ಬಿದ್ರೆ ಯಾರಾದ್ರೂ ಹೀಗೆ ನಗ್ತಾರೇನ್ರೀ? ಕೆಳಗೆ ಅವಳ ಹುಡುಗ ನಿಂತಿದ್ದಾನೆ."

"ಹಾಗಿದ್ರೆ ಅವನ ತಲೆ ಕಾಣ್ಬೇಕಲ್ವೇನೇ?"

"ಕುಳ್ಳ ಇರ್ಬಹುದು!"

ಪ್ರಿಂಟಿನಲ್ಲಿ ಕಾಣದ ಸುಳಿವು ಅಸಲಿ ಚಿತ್ರದಲ್ಲಿ ಸಿಕ್ಕೇ ಸಿಗುತ್ತದೆಂದು ಇಬ್ಬರೂ ದೊಡ್ಡ ಊರಿನ ಸಂಗ್ರಹಾಲಯಕ್ಕೆ ಹೊರಟರು. ಸೋತವರು ಜೀವನಪೂರ್ತಿ ಬೆಳಗಿನ ಚಹಾ ಮಾಡಬೇಕು, ಇದು ಪಂದ್ಯ. ಬೆಳಗಿನ ನಿದ್ದೆಯೆಂದರೆ ದೊಡ್ಡಮ್ಮನಿಗೆ ಪ್ರಾಣ.

ಚಿತ್ರದ ಮುಂದೆ ನಿಂತಾಗ ಅವಳಿಗೆ ಪಂದ್ಯ ಮರೆತೇಹೋಯಿತು. ಇಷ್ಟು ವರ್ಷ ಗಾಜಿನಾಚೆ ನೋಡಿದ ಹುಡುಗಿ ಈಗ ಎದುರಿಗೇ ಇದ್ದಳು. ಕೆನ್ನೆಯ ಬಣ್ಣ ಬೆಣ್ಣೆ ಸವರಿದಷ್ಟು ದಪ್ಪ. ಕೂದಲಲ್ಲಿ ಕುಂಚದ ಒಂದೊಂದು ಎಳೆಯೂ ಕಾಣುತ್ತಿತ್ತು. ಅಭ್ಯಾಸಬಲದಿಂದ ದೊಡ್ಡಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆ ತೆಗೆದು ಒರೆಸಲು ಹೋದಳು.

"ಅಮ್ಮಾ! ಅಮ್ಮಾ! ಹಿಂದೆ ಬನ್ನಿ!" ಎಂದು ಕಾವಲುಗಾರ ಓಡಿ ಬಂದ.

ಬೆಚ್ಚಿಬಿದ್ದು ಹಿಂದೆ ಸರಿದವಳ ಕಣ್ಣು ಚಿತ್ರದ ಕೆಳಗಿನ ಅಂಚಿಗೆ ಬಿತ್ತು. ಅಲ್ಲೊಂದು ನಾಯಿಮರಿ, ಬಾಯಲ್ಲಿ ಕೆಂಪು ಚಪ್ಪಲಿ! ಮೂಗಿನ ತುದಿಗೆ ಒಂದೇ ಒಂದು ಬಿಳಿ ಚುಕ್ಕೆ, ಅಷ್ಟಕ್ಕೇ ಮೂಗು ಒದ್ದೆಯಾಗಿ ಹೊಳೆಯುತ್ತಿತ್ತು. ಚಿತ್ರದ ಹುಡುಗಿಯ ಜೊತೆ ದೊಡ್ಡಮ್ಮನೂ ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಚಪ್ಪಲಿ! ಗೆದ್ದೆ!" ಎಂದು ದೊಡ್ಡಪ್ಪ ಕುಣಿದರು.

ದೊಡ್ಡಮ್ಮನ ನಗು ಗಕ್ಕನೆ ನಿಂತಿತು. "ರೀ, ಈ ಚಿತ್ರದ ಕೆಳಗೆ ನೀವು ಎಷ್ಟು ಕತ್ತರಿಸ್ತೀರಿ?"

"ನಾಲ್ಕು ಬೆರಳು. ಯಾಕೆ?"

ಅವಳು ಒಂದು ಕಣ್ಣು ಮುಚ್ಚಿ, ದೂರದಿಂದಲೇ ನಾಲ್ಕು ಬೆರಳು ಅಡ್ಡ ಹಿಡಿದಳು. ನಾಯಿಮರಿ ಪೂರ್ತಿ ಮಾಯ.

ದೊಡ್ಡಪ್ಪ ತಮ್ಮ ಕೈಗಳನ್ನೇ ನೋಡಿಕೊಂಡರು. "ನಾನು ಬೆನ್ನು ಮಾತ್ರ ನೋಡೋದು ಕಣೇ..."

"ಇಲ್ಲಿಗೆ ಬರೋರೆಲ್ಲ ನಾಯಿ ನೋಡೋಕೇ ಬರೋದು," ಎಂದು ಕಾವಲುಗಾರ ಗೋಡೆಯ ಫಲಕ ತೋರಿಸಿದ. ಅದರಲ್ಲಿ ಚಿತ್ರದ ಹೆಸರಿತ್ತು: 'ನಾಯಿಮರಿ'.

ಮಾತಿಗೆ ತಪ್ಪದೆ ಈಗ ಬೆಳಗಿನ ಚಹಾ ದೊಡ್ಡಮ್ಮನೇ ಮಾಡುತ್ತಾಳೆ. ಅದನ್ನು ಫ್ಲಾಸ್ಕಿಗೆ ತುಂಬಿ ದೊಡ್ಡಪ್ಪನ ಕೈಗಿತ್ತು, ಬೀದಿಗೆ ಅಟ್ಟಿ, ಮತ್ತೆ ಹೋಗಿ ಮಲಗುತ್ತಾಳೆ. ಅವರು ಒಂದೊಂದೇ ಮನೆ ಹೊಕ್ಕು, ಫ್ರೇಮಿನ ಬೆನ್ನು ಬಿಚ್ಚಿ, ಮಡಚಿ ತುರುಕಿದ್ದ ಮರಿಯನ್ನು ಹೊರಗೆಳೆದು ಹುಡುಗಿಯ ಕಾಲಡಿ ಅಂಟಿಸಬೇಕು. ಫ್ರೇಮ್ ಸಾಲದ್ದಕ್ಕೆ ಕೆಳಗೊಂದು ಪಟ್ಟಿಯನ್ನೂ ಜೋಡಿಸಬೇಕು. ಹದಿನೇಳು ಮನೆ ಮುಗಿದಿವೆ. ಒಂದು ಮನೆಯಲ್ಲಿ ಮರಿಯನ್ನು ತಲೆಕೆಳಗಾಗಿ ಅಂಟಿಸಿ ಬಂದಿದ್ದಾರೆ.

ನಮ್ಮ ಮನೆಯಲ್ಲೂ ಒಂದು ಚಿತ್ರವಿದೆ. ಇದನ್ನು ಬರೆದು ಮುಗಿಸಿದ ಮೇಲೆ ಅದನ್ನು ಗೋಡೆಯಿಂದ ಇಳಿಸಿ ನಾನೇ ಬಿಚ್ಚುತ್ತೇನೆ.