ಕೂಗಿ ಹತ್ತುವವರ ಊರು

ಅಂಕೋಲೆಗೆ ಬಂದ ಮರುದಿನ ಮುಂಜಾನೆ ಹಿತ್ತಲ ಬಾವಿಯ ಹತ್ತಿರ ತಲೆಗೆ ನೀರು ಹೊಯ್ದುಕೊಳ್ಳುತ್ತಿದ್ದೆ. ಎಲ್ಲಿಂದಲೋ ‘ಹೂ...’ ಎಂಬ ಉದ್ದನೆಯ ಕೂಗು ಬಂತು. ಕಣ್ಣಿನ ನೊರೆ ಒರೆಸಿಕೊಂಡು ಸುತ್ತ ನೋಡಿದೆ, ಯಾರೂ ಇಲ್ಲ. ತಲೆಯೆತ್ತಿದರೆ, ನನ್ನ ನೆತ್ತಿಯ ನೇರಕ್ಕೆ ತೆಂಗಿನ ಮರದಲ್ಲಿ ಒಬ್ಬ ಮನುಷ್ಯ! ಸೊಂಟಕ್ಕೆ ಕತ್ತಿ, ಬೆನ್ನಿಗೆ ಸೋರೆಯ ಬುರುಡೆ. ಹುಬ್ಬಳ್ಳಿಯ ಓಣಿಯಲ್ಲಿ ಬೆಳೆದ ನನಗೆ ಮಂದಿ ಎಡಬಲದಿಂದ ಬರುವುದು ಗೊತ್ತಿತ್ತು, ಮೇಲಿನಿಂದ ಬರುವುದು ಗೊತ್ತಿರಲಿಲ್ಲ. ಒದ್ದೆ ಪಂಚೆಯಲ್ಲೇ ಒಳಗೆ ಓಡಿದೆ.

ಆತ ವಿಠೋಬ, ನಮ್ಮ ನೆರೆಯವನು. ಕೆಲಸ ಶೇಂದಿ ಇಳಿಸುವುದು. ಇಲ್ಲಿ ಮರ ಹತ್ತುವವರು ಕೂಗದೆ ಹತ್ತುವುದಿಲ್ಲ. ಮೇಲಿನಿಂದ ನಾಲ್ಕು ಮನೆಗಳ ಹಿತ್ತಲು ಕಾಣುತ್ತದೆ. ಸ್ನಾನ ಮಾಡುವ ಹೆಂಗಸರು ಮರೆಗೆ ಸರಿದುಕೊಳ್ಳಲಿ ಎಂದು ಆ ಕೂಗು. ನಮ್ಮ ಓಣಿಯಲ್ಲಿ ಗೋಡೆಗಳು ಮಾಡುವ ಕೆಲಸವನ್ನು ಇಲ್ಲಿ ಒಂದು ದನಿ ಮಾಡುತ್ತದೆ.

ನಾನು ಬಿ.ಎ. ನಮ್ಮ ಮನೆತನದಲ್ಲಿ ಮೊದಲನೆಯವನು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಅಪ್ಪ ಅರಳೆ ಗಿರಣಿಯ ಕೂಲಿ. ಪಗಾರದ ದಿನ ಅವನನ್ನು ಶೇಂದಿ ಅಂಗಡಿಯಿಂದ ಎಳೆದು ತರುವುದು ನನ್ನ ಪಾಲಿನ ಕೆಲಸವಾಗಿತ್ತು. ಅವನು ಅದರಲ್ಲೇ ಹೋದ. ಅವ್ವ ಮಂದಿಯ ಜೋಳ ಬೀಸಿ ನನ್ನನ್ನು ಓದಿಸಿದಳು. ಧಾರವಾಡದ ಕಾಲೇಜಿಗೆ ಹೊರಟ ದಿನ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡು, ಶೇಂದಿ ಕುಡಿಯುವುದಿಲ್ಲವೆಂದು ಆಣೆ ಮಾಡಿಸಿದಳು. ಅಂಥವನಿಗೆ ಅಂಕೋಲೆಯ ಇಂಗ್ಲಿಷ್ ಶಾಲೆಯಲ್ಲಿ ಕೆಲಸ ಸಿಕ್ಕಿತು. ಬಾಡಿಗೆಗೆ ಸಿಕ್ಕಿದ್ದು ಊರ ಹೊರಗೆ, ಶೇಂದಿ ಮರಗಳ ನಡುವಿನ ಈ ಮನೆ.

ನಮ್ಮಲ್ಲಿ ಧೂಳು, ಇಲ್ಲಿ ತೇವ. ಅರಬೈಲು ಘಟ್ಟ ಇಳಿದು ಅಗಸೂರು ದಾಟುವಷ್ಟರಲ್ಲಿ ಮೈಮೇಲಿನ ಅಂಗಿ ಅಂಟತೊಡಗುತ್ತದೆ, ಆಮೇಲೆ ಅದು ಒಣಗುವ ಮಾತಿಲ್ಲ. ನಾನು ‘ಹೋಗಬೇಕ್ರಿ’ ಎಂದರೆ ಶಾಲೆಯ ಹುಡುಗರು ನಗುತ್ತಾರೆ. ಅವರು ‘ಹೋಗುಕೆ ಅದೆ’ ಎಂದರೆ ನಾನು ನಗು ತಡೆಯುತ್ತೇನೆ, ಮಾಸ್ತರನಲ್ಲವೆ? ಕಾರವಾರದ ಕಡೆಯ ಮನೆಗಳಲ್ಲಂತೂ ಒಳಗೆಲ್ಲ ಕೊಂಕಣಿ. ನನ್ನ ಹೆಂಡತಿ ನೀಲವ್ವ ಹುಬ್ಬಳ್ಳಿಯಿಂದ ತಂದ ಜೋಳದ ಚೀಲ ಮೊದಲ ಮಳೆಗಾಲದಲ್ಲೇ ಬೂಸಲು ಹಿಡಿಯಿತು. ಅವಳು ಅದರ ಮುಂದೆ ಕುಳಿತು, ಯಾರೋ ಸತ್ತ ಹಾಗೆ ಅತ್ತಳು.

ಅವಳ ಅಳು ಕೇಳಿ ಬಂದವಳು ವಿಠೋಬನ ಹೆಂಡತಿ ಶೇವಂತಿ. ಅವಳ ಮಾತು ಇವಳಿಗೆ ಅರ್ಧ ತಿಳಿಯುತ್ತಿತ್ತು, ಇವಳದು ಅವಳಿಗೆ ಕಾಲುಭಾಗ. ಆದರೂ ದಿನವೂ ಕೂಡಿದರು. ಶೇವಂತಿ ನಮ್ಮ ಒಲೆಯ ಮುಂದೆಯೇ ಕುಳಿತು ಅಕ್ಕಿ, ಕಾಯಿ ಅರೆದು ‘ಸಾನ್ನಾ’ ಎಂಬ ಬಿಳಿಯ ಕಡುಬು ಬೇಯಿಸಲು ಕಲಿಸಿದಳು. ಬೆರಳೊತ್ತಿದರೆ ಕುಸಿದು ಮತ್ತೆ ಏಳುವಂಥದು. ಒಂದು ತಿಂಗಳು ಹೊಗಳಿ ಹೊಗಳಿ ತಿಂದ ಮೇಲೆ ನೀಲವ್ವ ಮೆಲ್ಲಗೆ ಹೇಳಿದಳು, ಹಿಟ್ಟು ಉಬ್ಬುವುದು ಸೂರಿನಿಂದ ಎಂದು. ಸೂರು ಎಂದರೆ ಶೇಂದಿಯೇ. ಕಾಲೇಜಿನಲ್ಲಿ ಕಲಿತ ತರ್ಕಶಾಸ್ತ್ರ ಆಗ ನೆರವಿಗೆ ಬಂತು: ಆಣೆ ಮಾಡಿದ್ದು ಕುಡಿಯುವುದಿಲ್ಲವೆಂದು, ತಿನ್ನುವುದಿಲ್ಲವೆಂದಲ್ಲ.

ನೀಲವ್ವ ಬಸುರಿಯಾದಳು. ಅವ್ವ ಯಾರಿಂದಲೋ ಕಾರ್ಡು ಬರೆಸಿದಳು: ನೆರೆಹೊರೆ ನೋಡಲು ಬರುತ್ತೇನೆ, ಶೇಂದಿಯ ನೆರಳು ಕಂಡರೂ ಸೊಸೆಯನ್ನು ಕರೆದುಕೊಂಡು ಹೋಗುತ್ತೇನೆ, ನೀನೂ ಕೆಲಸ ಬಿಟ್ಟು ಬಾ. ಅವ್ವ ಬರೆಸಿದರೆ ಬರೆಸಿದ್ದೇ. ಬಿ.ಎ. ಆದ ಮೇಲೆ ಒಂದೂವರೆ ವರ್ಷ ಅಲೆದು ಗಿಟ್ಟಿಸಿದ ಕೆಲಸವದು. ನೀಲವ್ವನೂ ಈಗ ಹೋಗಲು ಒಲ್ಲಳು.

ನಾನು ವಿಠೋಬನ ಬಳಿಗೆ ಹೋದೆ. ಕೂಗು ಕೇಳಿ ಅವ್ವ ಮರದ ಕಡೆ ನೋಡಿಯಾಳೆಂದು, ಅವಳು ಇರುವಷ್ಟು ದಿನ ನಮ್ಮ ಹಿತ್ತಲ ಎರಡು ಮರಗಳನ್ನು ಕೂಗದೆ ಹತ್ತೆಂದು ಕೇಳಿಕೊಂಡೆ. ಆತ ನನ್ನನ್ನು ವಿಚಿತ್ರವಾಗಿ ನೋಡಿದ.

‘ಕೂಗದೆ ಹತ್ತುಕೆ ನಾ ಎಂತಾ ಕಳ್ಳನಾ ಮಾಸ್ತರ್ರೆ? ಅದ್ಕಿಂತ ಹತ್ತುದೇ ಇಲ್ಲ, ಬಿಡಿ.’

ಹತ್ತಲಿಲ್ಲ. ನಾನು ಗೆದ್ದೆನೆಂದುಕೊಂಡೆ.

ಅವ್ವ ಬಂದಳು. ಮೊದಲ ಬೆಳಿಗ್ಗೆ, ಗಡಿಗೆಯಲ್ಲಿ ಉಳಿದಿದ್ದ ಸೂರಿನಿಂದ ಮಾಡಿದ ಸಾನ್ನಾ. ‘ಅರಳಿ ಹಂಗ ಮೆತ್ತಗ ಅದಾವ’ ಎಂದು ಕೇಳಿ ಕೇಳಿ ಹಾಕಿಸಿಕೊಂಡಳು. ಆದರೆ ಬೇರೆ ಮರಗಳ ಶೇಂದಿಯೆಲ್ಲ ಗುತ್ತಿಗೆದಾರನ ಅಂಗಡಿಗೆ ಅಳೆದು ಹೋಗುವಂಥದು. ಅಡಿಗೆಗೆ ಸಿಗುತ್ತಿದ್ದುದು ನಮ್ಮ ಹಿತ್ತಲ ಆ ಎರಡು ಮರಗಳದು ಮಾತ್ರ. ಇದು ನನ್ನ ತರ್ಕಕ್ಕೆ ಹೊಳೆದಿರಲಿಲ್ಲ. ಎರಡು ದಿನದ ಮೇಲೆ ಬೆಂದ ಸಾನ್ನಾ ಕಲ್ಲಿನ ಬಿಲ್ಲೆಯಂತಿತ್ತು. ಇದಕ್ಕೇನಾಯಿತೆಂದು ಅವ್ವ ಶೇವಂತಿಯನ್ನೇ ಕೇಳಿದಳು.

‘ಎಂತಾ ಮಾಡೂದು ಅಮ್ಮಾ, ಸೂರೇ ಇಲ್ಲ. ನಿಮ್ಮ ಮಗನೇ ನಮ್ಮವ್ರಿಗೆ ಮರ ಹತ್ತುಕೆ ಬಿಡಲಿಲ್ಲ.’

ಸೂರೆಂದರೇನೆಂದು ಅವ್ವ ಕೇಳಿದಳು. ಶೇವಂತಿ ಪಾಪ, ಮರವನ್ನೇ ತೋರಿಸಿ ಶೇಂದಿಯೆಂದಳು.

ಅವ್ವ ಎದ್ದಳು. ಒಳಗಿನಿಂದ ನೀಲವ್ವನ ಟ್ರಂಕು ಎಳೆದು ತಂದು ಅವಳ ಸೀರೆಗಳನ್ನು ಮಡಿಸಿ ತುಂಬತೊಡಗಿದಳು. ಕುಡಿಯುವುದು ಬೇರೆ, ತಿನ್ನುವುದು ಬೇರೆ ಎಂದು ನಾನು ಶುರುಮಾಡಿದೆ.

‘ನಿನ್ನ ಶಾಣ್ಯಾತನ ಸಾಲ್ಯಾಗ ಇಟ್ಟುಕೋ.’

ನೀಲವ್ವ ಗೋಡೆಗೆ ಒರಗಿ ನಿಂತಿದ್ದಳು. ಬಾಗಿಲಲ್ಲಿ ಶೇವಂತಿ, ತಾನೇನು ತಪ್ಪು ಮಾಡಿದೆನೆಂದು ತಿಳಿಯದೆ. ಅವ್ವ ತಲೆಯೆತ್ತದೆ ಅವಳನ್ನು ಕೇಳಿದಳು: ‘ನಿನ್ನ ಗಂಡ ದಿನಾ ಕುಡಿತಾನೇನವಾ?’

‘ಕುಡ್ದು ಮರ ಹತ್ತುಕೆ ಆಗ್ತದ್ಯಾ ಅಮ್ಮಾ? ಕುಡ್ದಿದ್ರೆ ಯಾವಾಗ್ಲೋ ಬಿದ್ದು, ನಾನೂ ನಿಮ್ಮ ಹಾಂಗೇ ಬೋಳು ಹಣೇಲಿ ಇರ್ತಿದ್ದೆ.’

ಹೇಳಿದ ಮೇಲೆ ತಾನೇನು ಹೇಳಿದೆನೆಂದು ತಿಳಿದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವ್ವನ ಕೈ ಸೀರೆಯ ಮಡಿಕೆಯ ಮೇಲೆ ಹಾಗೇ ನಿಂತಿತು.

‘ಖರೇ ಹೇಳಿದಿ, ತಂಗಿ’ ಎಂದಳು ಅವ್ವ. ‘ಮರದ ಮ್ಯಾಲೆ ನಿಂತಾಂವಗ ಅಂಜಿಕಿ ಐತಿ. ನಮ್ಮಾಂವ ನೆಲದ ಮ್ಯಾಲೆ ಇದ್ದ.’

ಮಡಿಸಿದ ಸೀರೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಹಗ್ಗದ ಮೇಲೆ ಹಾಕಿದಳು. ವಿಠೋಬ ನಾಳೆಯಿಂದ ಹತ್ತಲಿ, ಕೂಗಿಯೇ ಹತ್ತಲಿ ಎಂದು ಹೇಳಿಕಳಿಸಿದಳು. ಊರಿಗೆ ಹೊರಟು ಮೋಟಾರು ಹತ್ತುವಾಗ ನನ್ನನ್ನು ಕರೆದು, ಆಣೆ ಹಾಗೇ ಇದೆ ಎಂದು ನೆನಪಿಸಿದಳು. ಸೊಸೆ ಇಲ್ಲೇ ಉಳಿದಳು, ನನ್ನ ಕೆಲಸವೂ.

ಮೊನ್ನೆ ಚೊಚ್ಚಲ ಹೆರಿಗೆಗೆಂದು ನೀಲವ್ವನನ್ನು ಹುಬ್ಬಳ್ಳಿಗೆ ಬಿಟ್ಟುಬರಲು ಹೋಗಿದ್ದೆ. ಅವ್ವ ಓಣಿಯ ಹೆಂಗಸರನ್ನೆಲ್ಲ ಕೂಡಿಸಿ, ಸೊಸೆಯ ಊರಿನ ತಿಂಡಿಯೆಂದು ಸಾನ್ನಾ ಬೇಯಿಸಿದಳು. ಗಟ್ಟಿಯಾಗಿ ಬಂತು. ಅಲ್ಲಿ ಹೂವಿನ ಹಾಗೆ ಅರಳುತ್ತದೆಂದು ಅವ್ವ ಹೇಳಿದರೆ ಯಾರೂ ನಂಬಲೊಲ್ಲರು. ಅಂಥಾದ್ದೇನು ಹಾಕುತ್ತಾರೆಂದು ಒಬ್ಬಳು ಕೇಳಿಯೇ ಬಿಟ್ಟಳು. ಅವ್ವ ಒಮ್ಮೆ ನನ್ನ ಕಡೆ ನೋಡಿದಳು.

‘ಏನಿಲ್ಲವಾ. ಸಮುದ್ರದ ಗಾಳಿ.’

ನೀಲವ್ವ ಮುಖ ತಿರುಗಿಸಿ ನಕ್ಕಳು. ಹುಟ್ಟಿ ಬೆಳೆದ ಓಣಿಯಲ್ಲಿ, ನನ್ನನ್ನು ಎತ್ತಿ ಆಡಿಸಿದವರ ನಡುವೆ ಕುಳಿತು ನಾನು ಆ ಗಟ್ಟಿ ಕಡುಬನ್ನು ಅಗಿಯುತ್ತಿದ್ದೆ. ‘ನಮ್ಮೂರಲ್ಲಿ ಹೀಗಿರುವುದಿಲ್ಲ’ ಎಂಬ ಮಾತು ನಾಲಗೆಯ ತುದಿಗೆ ಬಂತು. ಯಾವ ಊರು ಎಂದು ಯಾರಾದರೂ ಕೇಳಿಯಾರೆಂದು, ಕಡುಬಿನ ಜೊತೆಗೆ ಅದನ್ನೂ ನುಂಗಿದೆ.