ಬುಂದೂ ಖಾನನ ಕೈ ನಿಲ್ಲಿಸಿದ ಕಥೆ

ಮೇರಠದ ಶ್ಯೋರಾಜ್ ಸೈನಿ ಹನ್ನೊಂದು ವರ್ಷಗಳಿಂದ ಕಾದಂಬರಿ ಬರೆಯುತ್ತಿದ್ದ. ಒಂದರ ಮೇಲೂ ಅವನ ಹೆಸರಿರಲಿಲ್ಲ. ರೈಲು ನಿಲ್ದಾಣಗಳಲ್ಲಿ ಬಿಸಿಬಿಸಿಯಾಗಿ ಖರ್ಚಾಗುತ್ತಿದ್ದ ಆ ಪುಸ್ತಕಗಳ ಲೇಖಕ ‘ಸೂರಜ್ ಜ್ವಾಲಾ’. ಆ ಹೆಸರು ಪ್ರಕಾಶಕ ಲಾಲಾ ತ್ರಿಲೋಕಚಂದರು ಇಟ್ಟದ್ದು. ಪುಸ್ತಕದ ಹಿಂಬದಿಯಲ್ಲಿದ್ದ ಕಪ್ಪು ಕನ್ನಡಕದ ಫೋಟೋ ಅವರ ಭಾವಮೈದುನನದು. ಭಾವಮೈದುನ ಸಿಮೆಂಟ್ ವ್ಯಾಪಾರಿ. ಅಭಿಮಾನಿಗಳು ಸಿಕ್ಕರೆ ಸಂಕೋಚವಿಲ್ಲದೆ ಸಹಿ ಹಾಕಿಕೊಡುತ್ತಿದ್ದ.

ಹೀಗೇ ನಡೆದುಹೋಗುತ್ತಿತ್ತು. ಆದರೆ ಹೋಳಿ ಹಬ್ಬಕ್ಕೆ ಶ್ಯೋರಾಜನ ಹೆಂಡತಿ ಓಂವತಿಯ ಅಣ್ಣ ಬಂದುಹೋದ.

“ನಮ್ಮಣ್ಣ ರೈಲಲ್ಲಿ ನಿಮ್ಮ ಪುಸ್ತಕ ಓದಿ ಅತ್ತುಬಿಟ್ಟನಂತೆ,” ಎಂದಳು ಓಂವತಿ, ಹಬ್ಬದ ಗುಜಿಯಾ ಕಡುಬು ಕರಿಯುತ್ತ. “ಆಮೇಲೆ ಏನಂದ ಗೊತ್ತಾ? ‘ನಿನ್ನ ಗಂಡ ಇಷ್ಟು ವರ್ಷದಿಂದ ಗೀಚ್ತಾನೆ, ಇಂಥದ್ದೊಂದು ಬರೆಯೋಕಾಗಲಿಲ್ವಲ್ಲ’ ಅಂತ.”

“ನಾನೇ ಬರೆದದ್ದು ಅಂತ ಹೇಳಬಾರದಿತ್ತಾ?”

“ಹೇಳಿದೆ. ಹೊಟ್ಟೆ ಹಿಡ್ಕೊಂಡು ನಕ್ಕ.”

ಮರುದಿನ ಶ್ಯೋರಾಜ್ ಲಾಲಾಜಿಯ ಮುಂದೆ ನಿಂತು, ಒಂದೇ ಒಂದು ಪುಸ್ತಕಕ್ಕೆ ತನ್ನ ಹೆಸರು ಹಾಕಬೇಕೆಂದು ಕೇಳಿದ.

“ಹಾಕೋಣಪ್ಪ. ಬುಂದೂನ ಕೈ ನಿಲ್ಲಿಸು, ಹಾಕೋಣ.”

ಬುಂದೂ ಖಾನ್ ಲಾಲಾಜಿಯ ಅಂಗಡಿಯಲ್ಲಿ ಪರವೂರುಗಳಿಗೆ ಹೋಗುವ ಪುಸ್ತಕದ ಕಟ್ಟು ಕಟ್ಟುವವನು. ಯಾರೇ ಹೊಸ ಕಥೆಯ ಎಳೆ ತಂದರೂ ಲಾಲಾಜಿ ಅದನ್ನು ಅವನ ಪಕ್ಕದಲ್ಲಿ ಗಟ್ಟಿಯಾಗಿ ಹೇಳಿಸುತ್ತಿದ್ದರು. ಬುಂದೂ ಹುರಿ ಬಿಗಿಯುತ್ತಲೇ ಇದ್ದರೆ ಕಥೆ ಬಿತ್ತು. ಕೈ ನಿಂತರೆ ಕಾದಂಬರಿ. ಇದುವರೆಗೆ ಎಳೆ ಬೇರೆಯವರದು, ಬರವಣಿಗೆಯಷ್ಟೇ ಶ್ಯೋರಾಜನದು.

ಮೊದಲು ಅವನು ತಂದದ್ದು, ತನ್ನ ಹೆಸರಿಗೆ ಗೌರವ ತರುತ್ತದೆಂದು ನಂಬಿದ್ದ ಕಥೆ: ಗುಮಾಸ್ತನೊಬ್ಬನ ಅಂತರಂಗದ ತೊಳಲಾಟ. ಬುಂದೂ ಎರಡು ಕಟ್ಟು ಮುಗಿಸಿದ.

“ಭಾಯಿ, ಇದರಲ್ಲಿ ಯಾರಾದ್ರೂ ಏನಾದ್ರೂ ಮಾಡ್ತಾರಾ?” ಎಂದು ಮರ್ಯಾದೆಯಿಂದಲೇ ಕೇಳಿದ.

ಎರಡನೆಯದರಲ್ಲಿ ಶ್ಯೋರಾಜ್ ಮೂರು ಕೊಲೆ ಮಾಡಿಸಿದ.

“ಸತ್ತವರು ಯಾರೂ ನಮಗೆ ಗುರುತಿನವರಲ್ವಲ್ಲ,” ಎಂದ ಬುಂದೂ, ಗಂಟು ಹಾಕುತ್ತ.

ಮೂರನೆಯದು ಹೊಳೆದದ್ದು, ಗೋಡೆಯ ಮೇಲಿದ್ದ ಮಾವನ ಫೋಟೋಗೆ ಓಂವತಿ ಹಾರ ಬದಲಿಸುತ್ತಿದ್ದಾಗ. ಶ್ಯೋರಾಜ್ ಊಟ ಬಿಟ್ಟು ಅಂಗಡಿಗೆ ಓಡಿದ.

“ಗಂಡ ತೀರಿಕೊಂಡ ಒಬ್ಬಳು ಬಾಡಿಗೆಗೆ ಮನೆ ನೋಡೋಕೆ ಪರವೂರಿಗೆ ಹೋಗ್ತಾಳೆ. ಮನೆಯೊಡೆಯ ಸ್ನಾನಕ್ಕೆ ಹೋಗಿದಾನೆ. ನಡುಮನೆ ಗೋಡೆ ಮೇಲೆ ಹಾರ ಹಾಕಿದ ಫೋಟೋ. ಫೋಟೋದಲ್ಲಿರೋದು ಅವಳೇ.”

ಹುರಿ ಬುಂದೂನ ಹಲ್ಲಿನ ನಡುವೆಯೇ ಉಳಿಯಿತು.

“ಆಮೇಲೆ?” ಎಂದ.

“ಆಮೇಲೆ?” ಎಂದರು ಲಾಲಾಜಿ. ಮರುಕ್ಷಣವೇ ಅವರೊಳಗಿನ ವ್ಯಾಪಾರಿ ಎಚ್ಚರಗೊಂಡ. “ಶ್ಯೋರಾಜ್, ಇದು ಭಾರಿ ಮಾಲು. ನಿನ್ನ ಹೆಸರಲ್ಲಿ ಹಾಕಿ ಹಾಳು ಮಾಡೋಕಾಗತ್ತಾ? ಇದನ್ನ ಜ್ವಾಲಾಗೆ ಕೊಡು. ನಿನಗೆ ಅಂತ ಯಾವುದಾದ್ರೂ ಸಾಧಾರಣದ್ದು ತಾ.”

ಶ್ಯೋರಾಜ್ ಚೀಲ ಹೆಗಲಿಗೇರಿಸಿದ.

“ಆಗಲಿ ಲಾಲಾಜಿ. ಮುಂದಿನದನ್ನ ಜ್ವಾಲಾ ಸಾಹೇಬರೇ ಹೇಳಲಿ.”

ಲಾಲಾಜಿ ಭಾವಮೈದುನನನ್ನು ಕರೆಸಿದರು. ಅವನು ಕನ್ನಡಕ ತೆಗೆದು ಗಂಭೀರವಾಗಿ ಯೋಚಿಸಿ, “ಅವಳು ಆ ಮನೆ ಬಾಡಿಗೆಗೆ ತಗೋಬಾರದು,” ಎಂದ. ಬುಂದೂನ ಕೈ ಮತ್ತೆ ಓಡತೊಡಗಿತು. ಆದರೆ ಪ್ರತಿ ಗಂಟಿಗೊಮ್ಮೆ ಅವನು “ಲಾಲಾಜಿ, ಆ ಮನೆಯೊಡೆಯ ಯಾರಿರಬಹುದು?” ಎಂದು ಕೇಳುತ್ತಿದ್ದ. ಸಂಜೆಯ ಹೊತ್ತಿಗೆ ಅಲೀಗಢದ ಕಟ್ಟು ಬರೇಲಿಗೆ ಹೋಗಿತ್ತು.

ಆ ವಾರವೇ ಲಾಲಾಜಿ ಶ್ಯೋರಾಜನ ಮನೆಗೆ ಬಂದು ಮಂಚದ ಮೇಲೆ ಕುಳಿತರು.

“ನಿನ್ನ ಹೆಸರು ಹಾಕ್ತೀನಿ. ಜ್ವಾಲಾನ ಹೆಸರಿನ ಕೆಳಗೆ.”

“ಜ್ವಾಲಾ ಬೇಡ.”

“ಬೇಡ ಬಿಡು. ನೀನೊಬ್ಬನೇ. ಈಗ ಹೇಳು, ಆಮೇಲೆ?”

“ಪುಸ್ತಕದಲ್ಲಿ ಓದಿ.”

ಲಾಲಾಜಿ ಬೈಯುತ್ತಲೇ ಮೆಟ್ಟಿಲಿಳಿದರು. ಕಥೆಯ ಎಳೆಯನ್ನು ಆಗಲೇ ಕೇಳಿದ್ದ ಓಂವತಿ ಗಂಡನ ಪಕ್ಕ ಬಂದು ಕುಳಿತಳು.

“ನನಗಾದ್ರೂ ಹೇಳ್ರೀ, ಆ ಮನೆಯೊಡೆಯ ಯಾರು?”

“ನನಗೇನು ಗೊತ್ತು?” ಎಂದ ಶ್ಯೋರಾಜ್.

ಹೊಸ ಹಾಳೆ ತೆಗೆದು, ಮೇಲುಗಡೆ ದೊಡ್ಡ ಅಕ್ಷರಗಳಲ್ಲಿ ತನ್ನ ಹೆಸರು ಬರೆದ. ಅಷ್ಟು ಬರೆದ ಮೇಲೆ ಬಹಳ ಹೊತ್ತು ಏನೂ ತೋಚಲಿಲ್ಲ.