ಒಲೆ ಹೊತ್ತು ಹೊರಟ ಭಾನುವಾರ

ಅಂದು ಭಾನುವಾರ. ನಳದ ನೀರು ಹಿಡಿದೆ, ಅತ್ತೆಯವರ ಸೀರೆ ಹಿಂಡಿದೆ, ರೊಟ್ಟಿ ಬಡಿದೆ, ಸ್ಟೋವಿನ ಬತ್ತಿ ಸಮ ಮಾಡಿದೆ. ನಡುನಡುವೆ ಗೋಡೆಯ ಬಿರುಕಿಗೆ ಕೈಯಿಟ್ಟು ನೋಡಿದೆ. ಹಿಂದಿನ ದಿನ ಉಗುರಷ್ಟೇ ಹೋಗುತ್ತಿತ್ತು, ಈಗ ಬೆರಳೇ ಹೋಯಿತು.

ಎಪ್ಪತ್ತರ ದಶಕದ ಆ ಮಳೆಗಾಲದಲ್ಲಿ ಖೋಲಿಗೊಂದು ಸಂಸಾರವಿದ್ದ ಬೈಕುಲ್ಲಾದ ನಮ್ಮ ಚಾಳು ಮರದ ಕಂಬಗಳ ಆಸರೆಯಲ್ಲಿ ನಿಂತಿತ್ತು. ರಿಪೇರಿ ಆಗುವ ತನಕ ಖಾಲಿ ಮಾಡಿ ಸಯನ್ನಿನ ತಗಡಿನ ಶೆಡ್ಡುಗಳಿಗೆ ಹೋಗಿ ಎಂದು ನೋಟೀಸು ಬಂದಿತ್ತು. ಅರ್ಧ ಚಾಳು ಹೋಗಿಯೂ ಆಗಿತ್ತು. ಉಳಿದವರಿಗೆ ನಮ್ಮ ಯಜಮಾನರೇ ಮುಂದಾಳು. ರಾತ್ರಿ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದರು. ಸ್ಪಾರ್ಟಾದ ಮುನ್ನೂರು ಮಂದಿ ಪರ್ಷಿಯಾದ ಇಡೀ ದಂಡಿಗೆ ಎದುರಾಗಿ, ಕಣಿವೆ ಬಿಡದೆ ಸತ್ತ ಕತೆಯನ್ನು ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ನಿಂತು ಹೇಳಿ ಎಲ್ಲರನ್ನೂ ತಡೆದಿದ್ದರು. ಒಲೆ ಉರಿಯುವ ಖೋಲಿಯನ್ನು ಯಾರೂ ಖಾಲಿ ಎನ್ನುವಂತಿಲ್ಲ ಎಂಬುದು ಚಾಳಿನ ನಂಬಿಕೆ. ಅಡುಗೆ ಇಲ್ಲದಾಗಲೂ ನಾನು ಸ್ಟೋವ್ ಹಚ್ಚಿಡುತ್ತಿದ್ದೆ.

ಮಧ್ಯಾಹ್ನ ಅಂಗೈಯಗಲದ ಗಾರೆ ಮೇಲಿನಿಂದ ಮಗಳ ತಟ್ಟೆಗೇ ಬಿತ್ತು. ಅವಳು ಕೈ ತೊಳೆಯಲು ಎದ್ದಿದ್ದಳು, ಅಷ್ಟೆ.

ಅತ್ತೆ ತಮ್ಮ ಮಗನ ಕಡೆ ತಿರುಗಿದರು. "ಆ ಮುನ್ನೂರು ಮಂದಿ ಹೆಂಡ್ರು ಎಲ್ಲಿದ್ರೋ?"

"ಊರಾಗಿದ್ರವ್ವಾ."

"ಹಂಗನ್ನು. ನೀ ನಮ್ಮನ್ನೂ ಕಣಿವ್ಯಾಗ ಕುಂದರ್ಸೀದಿ."

ನಾನು ಕೇಳಿದೆ, "ಅದ ಯುದ್ಧದಾಗ ಅಥೆನ್ಸಿನವರು ಏನ್ ಮಾಡಿದ್ರಂತ್ರಿ?"

"ಊರು ಬಿಟ್ಟು ಹಡಗ ಹತ್ತಿದ್ರು. ಹೆಂಡ್ರು ಮಕ್ಕಳನ್ನ ಮೊದಲ ದಾಟಿಸಿದ್ರು. ಕೆಲವರು ಗುಡ್ಡದ ಮ್ಯಾಲೆ ಹಲಗಿ ಅಡ್ಡ ಕಟ್ಟಿ ಕುಂತ್ರು."

"ಕುಂತವರು?"

"ಸತ್ರು."

"ಹೋದವರು?"

"ಸಮುದ್ರದಾಗ ಗೆದ್ರು. ಆದ್ರ ಊರು ಬೂದಿ ಆಗಿತ್ತು. ಇಲ್ಲಿಂದ ಹೋದ್ರ ನಮ್ಮ ಖೋಲೀನೂ ಹೋದಂಗ."

ಸುಳ್ಳಲ್ಲ. ಶೆಡ್ಡಿಗೆ ಹೋದವರು ತಿರುಗಿ ಬಂದುದನ್ನು ನಾವ್ಯಾರೂ ಕಂಡಿರಲಿಲ್ಲ. ಆದರೂ ಸ್ಟೋವ್ ಆರಿಸಿ, ಸೀಮೆಎಣ್ಣೆ ಬಸಿದು, ಚೀಲಕ್ಕಿಳಿಸಿದೆ.

"ಒಲಿ ಬಿಡು. ನಾ ಇಲ್ಲೇ ಇರ್ತೀನಿ," ಎಂದರು ನಮ್ಮವರು.

"ನಿಮಗ ಹಚ್ಚಾಕ ಬರ್ತೈತೇನ್ರಿ?"

ಅತ್ತೆ ನಕ್ಕುಬಿಟ್ಟರು. ನಮ್ಮವರು ನಗಲಿಲ್ಲ. ಗ್ಯಾಲರಿಗೆ ಹೋಗಿ ಒಂದೊಂದೇ ಬಾಗಿಲು ತಟ್ಟಿದರು. ಹೆಂಗಸರು ಮಕ್ಕಳು ಮೊದಲು ಹೊರಡಿ ಎಂದು ಮರಾಠಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಹೇಳಿದರು, ದನಿ ಎತ್ತಲಿಲ್ಲ. ಆಮೇಲೆ ಖೋಲಿಗೆ ಎರಡು ಬೀಗ ಜಡಿದು, ಒಲೆಯ ಚೀಲವನ್ನು ತಾವೇ ಹೆಗಲಿಗೇರಿಸಿದರು.

ಅಂದು ರಾತ್ರಿ ಸಯನ್ನಿನ ಶೆಡ್ಡಿನಲ್ಲಿ ಬೆಳಗಿನ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಿಂದೆವು. ಅಲ್ಲಿ ಆಸರೆಯ ಕಂಬಗಳಿರಲಿಲ್ಲ, ಆದರೂ ನನ್ನ ಕಿವಿ ಅವುಗಳ ಕಿರುಗುಟ್ಟುವಿಕೆಯನ್ನೇ ಹುಡುಕುತ್ತಿತ್ತು. ನಮ್ಮವರು ಬೀಗದ ಕೈಗಳನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ಮೊದಲು ನಿದ್ದೆ ಹೋದವಳು ಮಗಳು.